ಲೈಸೋಜೈಮ್ ಪೀಕ್ ಕಾಣೆಯಾಗುತ್ತಿದೆ, ಕ್ಯಾಪಿಲರಿಗೆ ಯಾವ ಪಾಲಿಮರ್ ಲೇಪ ಹಾಕಲಿ?

ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್‌ನಲ್ಲಿ (ಕೂದಲೆಳೆ ಕೊಳವೆಯಲ್ಲಿ ವಿದ್ಯುತ್ ಹರಿಸಿ ಪ್ರೋಟೀನ್‌ಗಳನ್ನು ಬೇರ್ಪಡಿಸುವ ವಿಧಾನ), ಲೇಪವಿಲ್ಲದ ಬರಿ ಸಿಲಿಕಾ ಕ್ಯಾಪಿಲರಿಯಲ್ಲಿ, ಪಿಹೆಚ್ 7ರ ಫಾಸ್ಫೇಟ್ ಬಫರ್‌ನಲ್ಲಿ ಲೈಸೋಜೈಮ್ ಎಂಬ ಪ್ರೋಟೀನ್ ಓಡಿಸಿದರೆ ಗ್ರಾಫಿನಲ್ಲಿ ಅದರ ಪೀಕ್ ಬಾಲ ಬಿಡುತ್ತದೆ, ಮೂರನೇ ರನ್ನಿಗೆ ಕಾಣೆಯೇ ಆಗುತ್ತದೆ ಎಂದು ಬರೆದಿದ್ದೀರಿ. ಎಂ.ಎಸ್ಸಿ. ಪ್ರಾಜೆಕ್ಟ್ ಮುಗಿಸಲು ಎರಡೇ ತಿಂಗಳು ಉಳಿದಿದೆ, ಪಾಲಿಅಕ್ರಿಲಮೈಡ್ ಲೇಪ ನಾನೇ ಹಾಕಿಕೊಳ್ಳಲಾ ಅಂತ ಕೇಳಿದ್ದೀರಿ. ಬೊಮ್ಮಸಂದ್ರದ ಕಡೆ ಒಂದು ಲ್ಯಾಬಿನಲ್ಲಿ ಇದೇ ಕೆಲಸ ಮಾಡಿದವನು ನಾನು. ನನ್ನನ್ನು ಕೇಳಿದರೆ, ಸದ್ಯಕ್ಕೆ ಬೇಡ.

ಆ ಪಿಹೆಚ್‌ನಲ್ಲಿ ಗೋಡೆಯ ಮೇಲಿನ Si-OH ಗುಂಪುಗಳಾದ ಸಿಲನಾಲ್‌ಗಳು ಋಣ ವಿದ್ಯುದಂಶ ಹೊತ್ತಿರುತ್ತವೆ. ಲೈಸೋಜೈಮ್‌ನ ಐಸೋಎಲೆಕ್ಟ್ರಿಕ್ ಬಿಂದು (ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಹೆಚ್) ಸುಮಾರು 11, ಹಾಗಾಗಿ ಅದು ಪೂರ್ತಿ ಧನ. ಅಂಟದೆ ಇನ್ನೇನು ಮಾಡೀತು? ಅಂಟಿದ ಮೇಲೆ ಗೋಡೆಯ ವಿದ್ಯುದಂಶವೂ ಬದಲಾಗುತ್ತದೆ, ಎಲೆಕ್ಟ್ರೋಆಸ್ಮೋಟಿಕ್ ಹರಿವೂ (ಗೋಡೆಯ ವಿದ್ಯುದಂಶದಿಂದಾಗಿ ಇಡೀ ದ್ರವ ಕೊಳವೆಯಲ್ಲಿ ಸಾಗುವುದು) ಬದಲಾಗುತ್ತದೆ. ನಿಮ್ಮ ಪೀಕಿನ ಸಮಯ ರನ್ನಿಂದ ರನ್ನಿಗೆ ಜಾರುವುದು ಅದಕ್ಕೇ.

ಮೊದಲು ಇವತ್ತೇ ಒಂದು ಪರೀಕ್ಷೆ ಮಾಡಿ. ಬಫರನ್ನು ಪಿಹೆಚ್ 2.5ಕ್ಕೆ ಇಳಿಸಿ, ಹೊಸ ಕ್ಯಾಪಿಲರಿಯಲ್ಲಿ ಓಡಿಸಿ. ಅಲ್ಲಿ ಸಿಲನಾಲ್‌ಗಳ ವಿದ್ಯುದಂಶ ಬಹುಪಾಲು ಅಡಗಿರುತ್ತದೆ. ಪೀಕ್ ಚೆನ್ನಾಗಿ ಬಂದರೆ ತಪ್ಪು ಗೋಡೆಯದು, ನಿಮ್ಮ ಸ್ಯಾಂಪಲ್ಲಿನದಲ್ಲ. ಆ ಪಿಹೆಚ್‌ನಲ್ಲೇ ನಿಮ್ಮ ಪ್ರೋಟೀನ್‌ಗಳು ಬೇರ್ಪಟ್ಟರಂತೂ ಲೇಪದ ಗೊಡವೆಯೇ ಬೇಡ.

ಪಿಹೆಚ್ 7ರಲ್ಲೇ ಮಾಡಬೇಕು ಅಂತ ಗೈಡ್ ಹಟ ಹಿಡಿದರೆ ಪಾಲಿಬ್ರೀನ್ ಎಂಬ ಪಾಲಿಮರ್‌ನಿಂದ ಶುರು ಮಾಡಿ. ತೂಬಗೆರೆ ಹಲಸು ಬಿಡಿಸುವಾಗ ಮೇಣ ಹತ್ತದಿರಲಿ ಅಂತ ಕೈಗೆ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಇದೂ ಅಂಥದೇ ಕೆಲಸ. ದ್ರಾವಣ ಹಾಯಿಸಿದರೆ ಗೋಡೆಗೆ ತಾನೇ ಹಿಡಿದುಕೊಳ್ಳುತ್ತದೆ, ರನ್ನುಗಳ ನಡುವೆ ಮತ್ತೆ ಸವರಬೇಕು. ಈ ಪಾಲಿಮರ್ ಧನ ವಿದ್ಯುದಂಶದ್ದಾದ್ದರಿಂದ ಧನ ಪ್ರೋಟೀನನ್ನು ದೂರ ತಳ್ಳುತ್ತದೆ. ಆದರೆ ಹರಿವಿನ ದಿಕ್ಕೂ ತಿರುಗಿಬಿಡುತ್ತದೆ. ಪೊಲಾರಿಟಿ ಉಲ್ಟಾ ಮಾಡುವುದನ್ನು ಮರೆತು ಒಂದು ಗಂಟೆ ಬರಿ ಗೆರೆ ನೋಡುತ್ತ ಕೂತವರಲ್ಲಿ ನಾನೂ ಒಬ್ಬ. ಹೆಚ್ಚು ಬಾಳಿಕೆ ಬೇಕೆಂದರೆ ಪಾಲಿಬ್ರೀನ್ ಮೇಲೆ ಋಣ ವಿದ್ಯುದಂಶದ ಡೆಕ್ಸ್ಟ್ರಾನ್ ಸಲ್ಫೇಟ್, ಅದರ ಮೇಲೆ ಮತ್ತೆ ಪಾಲಿಬ್ರೀನ್ ಹೀಗೆ ಪದರ ಏರಿಸಬಹುದು.

ಇನ್ನು ನೀವು ಕೇಳಿದ ಪಾಲಿಅಕ್ರಿಲಮೈಡ್. 1985ರಲ್ಲಿ ಸ್ವೀಡನ್ನಿನ ಸ್ಟೆಲ್ಲಾನ್ ಯೆರ್ಟೇನ್ ಪ್ರಕಟಿಸಿದ ವಿಧಾನವೇ ಇವತ್ತಿಗೂ ಬಳಕೆಯಲ್ಲಿದೆ. ಮೆಥಾಕ್ರಿಲ್ ಗುಂಪಿರುವ ಸಿಲೇನ್ (ಸಿಲಿಕಾನ್ ಸಂಯುಕ್ತ) ಒಂದು ತುದಿಯಲ್ಲಿ ಗೋಡೆ ಹಿಡಿಯುತ್ತದೆ, ಇನ್ನೊಂದು ತುದಿಯಿಂದ ಅಕ್ರಿಲಮೈಡ್ ಸರಪಳಿಗೆ ಸೇರಿಕೊಳ್ಳುತ್ತದೆ. ಓದಲು ಸುಲಭ. ಮೊದಲ ಸಲ ನಾನು ಫ್ರಿಜ್ಜಿನಲ್ಲಿ ಜೆಲ್ ಮಾಡಲೆಂದು ಇಟ್ಟಿದ್ದ ಅಕ್ರಿಲಮೈಡ್ ಬಾಟಲಿಯನ್ನೇ ತೆಗೆದು ಸುರಿದೆ. ಅದರಲ್ಲಿ ಸರಪಳಿಗಳನ್ನು ಅಡ್ಡಡ್ಡ ಬೆಸೆಯುವ ಬಿಸ್-ಅಕ್ರಿಲಮೈಡೂ ಸೇರಿತ್ತು. 50 ಮೈಕ್ರೋಮೀಟರ್ ಕೊಳವೆಯೊಳಗೆ ಗಟ್ಟಿ ಜೆಲ್ ಕಟ್ಟಿಕೊಂಡಿತು, ಎಷ್ಟು ಒತ್ತಡ ಕೊಟ್ಟರೂ ಹನಿ ಹೊರಬರಲಿಲ್ಲ. ನಿಮಗೆ ಬೇಕಿರುವುದು ಅಡ್ಡಕೊಂಡಿಯಿಲ್ಲದ ನೇರ ಸರಪಳಿ. ಅಕ್ರಿಲಮೈಡ್ ಪುಡಿಯನ್ನು ಹೊಸದಾಗಿ ಕರಗಿಸಿ, ಸುಮಾರು ಶೇ. 3ರಿಂದ 4ರಷ್ಟು ಸಾಕು. ಕರಗಿದ ಗಾಳಿಯನ್ನು ತಪ್ಪದೆ ತೆಗೆಯಿರಿ, ಆಮ್ಲಜನಕ ಉಳಿದರೆ ಸರಪಳಿ ಬೆಳೆಯುವುದಿಲ್ಲ. ಆಮೇಲೇ ಸರಪಳಿ ಬೆಳೆಯಲು ಶುರು ಮಾಡಿಸುವ ಪರ್ಸಲ್ಫೇಟ್, ಟೆಮೆಡ್ ಸೇರಿಸಿ. ಗ್ಲೌಸ್ ಬಿಚ್ಚಬೇಡಿ, ಅಕ್ರಿಲಮೈಡ್ ನರಗಳಿಗೆ ವಿಷ.

ಡಿಟೆಕ್ಟರಿನ ಬೆಳಕು ಹಾಯಲು ಕೊಳವೆಯ ಹೊರಪದರ ಸುಟ್ಟು ಮಾಡುವ ಕಿಂಡಿಯನ್ನು ಲೇಪಕ್ಕೆ ಮೊದಲೇ ಮಾಡಿಕೊಳ್ಳಿ. ಆಮೇಲೆ ಲೈಟರ್ ಹಿಡಿದರೆ ಒಳಗಿನ ಪಾಲಿಮರೂ ಸುಟ್ಟುಹೋಗುತ್ತದೆ. ಬರಿ ಸಿಲಿಕಾಗೆ ದಿನಾ ಬೆಳಿಗ್ಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಯಿಸುವ ಅಭ್ಯಾಸವಿದ್ದರೆ ಈ ಕ್ಯಾಪಿಲರಿಯ ಹತ್ತಿರ ಆ ಸೀಸೆ ಇಡಲೇಬೇಡಿ. ಕ್ಷಾರದಲ್ಲಿ ಸಿಲೇನ್ ಕೊಂಡಿಯೂ ಕಳಚುತ್ತದೆ, ಅಮೈಡೂ ಒಡೆದು ಋಣ ವಿದ್ಯುದಂಶದ ಆಮ್ಲವಾಗುತ್ತದೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಹಳೇ ತೊಳೆಯುವ ಪ್ರೋಗ್ರಾಂ ಒತ್ತಿ ಒಂದು ವಾರದ ಕೆಲಸ ಹತ್ತು ನಿಮಿಷದಲ್ಲಿ ತೊಳೆದುಬಿಟ್ಟ.

ಲೇಪ ಹಿಡಿದಿದೆಯೋ ಇಲ್ಲವೋ ನೋಡಲು ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ, ಅಂದರೆ ಡಿಎಂಎಸ್‌ಓ ಇಂಜೆಕ್ಟ್ ಮಾಡಿ. ಅದಕ್ಕೆ ವಿದ್ಯುದಂಶವಿಲ್ಲ, ಹರಿವು ಎಳೆದರೆ ಮಾತ್ರ ಡಿಟೆಕ್ಟರಿಗೆ ಬರುತ್ತದೆ. ಅರ್ಧ ಗಂಟೆ ಕಾದರೂ ಬಾರದಿದ್ದರೆ ಲೇಪ ಚೆನ್ನಾಗಿದೆ. ಅಂಥ ಕೊಳವೆಯಲ್ಲಿ ಲೈಸೋಜೈಮ್ ತಾನಾಗಿ ಕ್ಯಾಥೋಡ್ (ಋಣ ತುದಿ) ಕಡೆ ನಡೆದು ಬರುತ್ತದೆ. ಆದರೆ ಪಿಹೆಚ್ 7ರಲ್ಲಿ ಅಲ್ಬುಮಿನ್‌ನಂಥ ಋಣ ಪ್ರೋಟೀನ್ ಅದೇ ರನ್ನಿನಲ್ಲಿ ಬರುವುದಿಲ್ಲ, ಎಳೆದು ತರಲು ಹರಿವೇ ಇಲ್ಲವಲ್ಲ.

ನಿಮ್ಮ ಮಿಶ್ರಣದಲ್ಲಿ ಲೈಸೋಜೈಮ್ ಜೊತೆ ಇನ್ನೇನಿದೆ ಅಂತ ಬರೆದಿಲ್ಲ. ಅದನ್ನು ಹೇಳಿ, ಪಿಹೆಚ್ 2.5ರ ರನ್ ಹಾಕುವಾಗ ಕರೆಂಟ್ ಗ್ರಾಫನ್ನೂ ಜೊತೆಗೆ ಹಾಕಿ.