ತನಿ ಆವರ್ತನಕ್ಕೆ ಎದ್ದು ಹೋಗದವರು

ಓದುಗರ ಪತ್ರ: "ಮಾನ್ಯ ಸಂಪಾದಕರೇ, ಹಿಂದಿನ ಸಂಚಿಕೆಯಲ್ಲಿ ಪ್ರೋಗ್ರೆಸಿವ್ ಮೆಟಲ್ ಎಂಬ ಸಂಗೀತಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ನನ್ನ ಮೊಮ್ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜಕ್ಕೆ ಬಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊಟದ ಮೇಜು ಕುಟ್ಟುತ್ತ ಕೂರುತ್ತಾನೆ. ಡ್ರೀಮ್ ಥಿಯೇಟರ್ ಎಂಬ ತಂಡದವರ ಜಾತಕವೆಲ್ಲ ಅವನಿಗೆ ಬಾಯಿಪಾಠ. ಒಂದು ಹಾಡನ್ನು ನನಗೂ ಕೇಳಿಸಿದ. ಬೆರಳಿನ ಕಸರತ್ತು ಬಿಟ್ಟರೆ ಬೇರೇನೂ ಕಾಣಲಿಲ್ಲ. ಲೆಕ್ಕ ಹಾಕುವುದು ಸಂಗೀತವೇ? ಭಾವ ಎಲ್ಲಿದೆ? ವಾದ್ಯಗಾರರನ್ನು ತಲೆಯ ಮೇಲೆ ಹೊತ್ತು ಮೆರೆಸುವ ಈ ಹುಡುಗರ ಹುಚ್ಚಿಗೆ ನೀವೂ ಗಾಳಿ ಹಾಕಬೇಕೆ?" — ನಿವೃತ್ತ ಕನ್ನಡ ಅಧ್ಯಾಪಕರು, ದಾವಣಗೆರೆ (ಹೆಸರು ಹಾಕಬೇಡಿ ಎಂದು ಕೋರಿದ್ದಾರೆ)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಇಷ್ಟು ದುಂಡಾದ ಅಕ್ಷರದಲ್ಲಿ, ಒಂದು ಕಾಟೂ ಹೊಡೆಯದೆ ಬರೆಯುವವರು ನಮಗೆ ಈಗ ತಿಂಗಳಿಗೊಬ್ಬರೂ ಸಿಗುವುದಿಲ್ಲ. ಅಂಥವರಿಗೆ ಎರಡು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ರಾಕ್‌ನ ಗಡುಸು ರೂಪವಾದ ಮೆಟಲ್‌ಗೆ ಜಟಿಲ ತಾಳ ಲೆಕ್ಕಗಳನ್ನು ಬೆರೆಸುವ ಈ ಸಂಗೀತದಲ್ಲಿ ವೇಗಕ್ಕಾಗಿಯೇ ವೇಗ, ಸದ್ದಿಗಾಗಿಯೇ ಸದ್ದು ಮಾಡುವ ತಂಡಗಳಿವೆ. ಗಂಟಲು ಹರಿದುಕೊಂಡು ಗುಟುರು ಹಾಕುವ ಗಾಯನ ನಿಮಗೆ ಹಿಡಿಸದಿದ್ದರೆ ಯಾರೂ ನಿಮ್ಮನ್ನು ದೂರಲಾರರು. ಆದರೆ 'ಕಸರತ್ತು' ಎಂದಿರಲ್ಲ, ಆ ಮಾತನ್ನು ಮಾತ್ರ ಸುಮ್ಮನೆ ಬಿಡಲಾರೆ.

ಆ ಮಾತನ್ನು ನಾನು ಮೊದಲು ಕೇಳಿದ್ದು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ, ರಾಮನವಮಿ ಕಚೇರಿಯ ಚಪ್ಪರದ ಕೆಳಗೆ. 1939ರಿಂದ ನಡೆದುಕೊಂಡು ಬಂದಿರುವ ಉತ್ಸವ. ನನಗಾಗ ಹನ್ನೆರಡೋ ಹದಿಮೂರೋ ವಯಸ್ಸು. ಗಾಯಕರು ಮುಖ್ಯ ಕೃತಿಯನ್ನು ನಿಲ್ಲಿಸಿ ತನಿ ಆವರ್ತನಕ್ಕೆ, ಅಂದರೆ ತಾಳವಾದ್ಯದವರಷ್ಟೇ ನುಡಿಸುವ ಭಾಗಕ್ಕೆ, ಮೃದಂಗದ ಕಡೆ ಕೈ ತೋರಿಸಿದ್ದೇ ತಡ, ಕುರ್ಚಿಗಳು ಕಿರುಗುಟ್ಟಿದವು. ಅರ್ಧಕ್ಕರ್ಧ ಜನ ಎದ್ದರು. ಪಕ್ಕದವರು ಅಪ್ಪನ ಕಡೆ ಬಾಗಿ, "ಇನ್ನು ಕಸರತ್ತು ಶುರು, ಬನ್ನಿ, ಒಂದು ಕಾಫಿ ಕುಡಿದು ಬರೋಣ" ಎಂದರು. ಅಪ್ಪ ಏಳಲಿಲ್ಲ. ಏಳಹೊರಟ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. ಮುಂದಿನ ಸಾಲಿನಲ್ಲಿ ಪಂಚೆ ಉಟ್ಟ ಮುದುಕರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತ ಕಣ್ಣು ಮುಚ್ಚಿ ಕೂತಿದ್ದರು. ಮೃದಂಗದವರು ಲೆಕ್ಕವನ್ನು ಎತ್ತೆತ್ತಲೋ ಕೊಂಡೊಯ್ದು, ಇನ್ನೇನು ದಾರಿ ತಪ್ಪಿತು ಅನ್ನುವಾಗ ಮುಕ್ತಾಯವನ್ನು ಮೂರು ಸಲ ನುಡಿಸಿ ಕರಾರುವಾಕ್ಕಾಗಿ ಎಡುಪಿಗೆ, ಹಾಡಿನ ಸಾಲು ತಾಳದಲ್ಲಿ ಶುರುವಾಗುವ ಜಾಗಕ್ಕೆ, ತಂದು ಕೂರಿಸಿದರು. ಆ ಮುದುಕರ ಬಾಯಿಂದ 'ಭಲೇ' ಕೂಡ ಹೊರಡಲಿಲ್ಲ. ಬಲಗೈ ಅರ್ಧ ಮೇಲೆದ್ದು ಹಾಗೇ ನಿಂತಿತು. ಕಣ್ಣಂಚಿನಲ್ಲಿ ನೀರು. ಲೆಕ್ಕಕ್ಕೂ ಕಣ್ಣೀರು ಬರುತ್ತದೆ ಎಂದು ನನಗೆ ತಿಳಿದದ್ದು ಆವತ್ತು.

ಅಂಥದೇ ಕೈಯನ್ನು ಎಷ್ಟೋ ವರ್ಷದ ಮೇಲೆ ಮತ್ತೆ ನೋಡಿದ್ದು ನಮ್ಮಕ್ಕನ ಮನೆಯಲ್ಲಿ. ಅವಳ ಮಗ ನಿಮ್ಮ ಮೊಮ್ಮಗನ ಜಾತಿಯವನೇ. ಡ್ರೀಮ್ ಥಿಯೇಟರ್ 1999ರಲ್ಲಿ ತಂದ 'ಸೀನ್ಸ್ ಫ್ರಮ್ ಎ ಮೆಮೊರಿ' ಎಂಬ ಆಲ್ಬಂ ಹಾಕಿ ನನ್ನನ್ನು ಕೂರಿಸಿದ. ಸಮ್ಮೋಹನದ ನಿದ್ದೆಯಲ್ಲಿ ಒಬ್ಬನಿಗೆ ತನ್ನ ಹಿಂದಿನ ಜನ್ಮ ಕಾಣುತ್ತದೆ. ಆ ಜನ್ಮದಲ್ಲಿ ಅವನು 1928ರಲ್ಲಿ ಕೊಲೆಯಾದ ವಿಕ್ಟೋರಿಯಾ ಎಂಬ ಹೆಂಗಸು. ಪೂರ್ವಜನ್ಮದ ಕಥೆ ನಮಗೇನು ಹೊಸದೇ? ಅದರ ನಡುವೆ 'ದಿ ಡಾನ್ಸ್ ಆಫ್ ಎಟರ್ನಿಟಿ' ಎಂಬ ಆರು ನಿಮಿಷದ ವಾದ್ಯಸಂಗೀತವಿದೆ. ಈ ಆರು ನಿಮಿಷದಲ್ಲಿ ತಾಳ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಹುಡುಗ ಸ್ಟೀಲ್ ಲೋಟ ಬೋರಲು ಹಾಕಿಕೊಂಡು ಎಡಗೈ ಬೆರಳು ಮಡಿಸುತ್ತ, "ಏಳಾಯ್ತು ಮಾಮ, ಈಗ ಐದು, ಈಗ ಆರು" ಎನ್ನುತ್ತ ಹೋದ. ಹತ್ತು ಸೆಕೆಂಡಿಗೆ ನನ್ನ ಕೈ ತಪ್ಪಿತು, ಅವನ ಕೈ ತಪ್ಪಲಿಲ್ಲ. ನಡುವೆ ಇದ್ದಕ್ಕಿದ್ದಂತೆ ಹಳೆಯ ಕಾಲದ ರ‍್ಯಾಗ್‌ಟೈಮ್ ಪಿಯಾನೊ ನುಸುಳಿ ಬಂದಾಗ ಅವನ ಮುಖದಲ್ಲಿ ಮೂಡಿದ ನಗು ನೋಡಬೇಕಿತ್ತು. ತೇರು ಮೂಲೆ ತಿರುಗಿದಾಗ ಮಕ್ಕಳು ನಗುತ್ತಾರಲ್ಲ, ಅಂಥದು. ಕೊನೆಗೆ ಎಲ್ಲ ವಾದ್ಯಗಳೂ ಒಟ್ಟಾಗಿ ಬಂದು ನಿಂತಾಗ ಅವನ ಬಲಗೈ ಅರ್ಧ ಮೇಲೆದ್ದಿತ್ತು.

ನೀವು ಕನ್ನಡ ಮೇಷ್ಟ್ರು. ಲೆಕ್ಕ ಸಂಗೀತವೇ ಎಂದು ಬೇರೆ ಯಾರಾದರೂ ಕೇಳಲಿ, ನೀವು ಕೇಳಬಾರದು. ಎಷ್ಟು ವರ್ಷ ಕರಿಹಲಗೆಯ ಮೇಲೆ ಪ್ರಸ್ತಾರ ಹಾಕಿ, ಲಘುವಿಗೆ ಕೊಕ್ಕೆ, ಗುರುವಿಗೆ ಗೆರೆ ಎಳೆದು ಗಣ ಬಿಡಿಸಿದ್ದೀರಿ? ಭಾಮಿನಿ ಷಟ್ಪದಿ ಅಂದರೆ ಮೂರು, ನಾಲ್ಕು, ಮೂರು, ನಾಲ್ಕು. ಮೃದಂಗದವರ ಬಾಯಲ್ಲಿ ಅದೇ 'ತಕಿಟ ತಕಧಿಮಿ', ಏಳರ ಮಿಶ್ರ ನಡೆ. ಕುಮಾರವ್ಯಾಸ ಭಾರತದ ಹತ್ತು ಪರ್ವವನ್ನೂ ಆ ಏಳರ ಮೇಲೆಯೇ ನಡೆಸಿದ. ದ್ರೌಪದಿ ಸಭೆಯಲ್ಲಿ ಅತ್ತದ್ದೂ ಏಳರಲ್ಲಿ, ಕರ್ಣ ತನ್ನ ಹುಟ್ಟು ತಿಳಿದು ಕುಸಿದದ್ದೂ ಏಳರಲ್ಲಿ. ಗಮಕಿಗಳು ಓದುವಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಯಾರೂ ಕುಮಾರವ್ಯಾಸನಿಗೆ 'ಮಾತ್ರೆ ಎಣಿಸುವ ಕಸರತ್ತು' ಎಂದು ಮೂಗು ಮುರಿಯಲಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಲಘು ಗುರುಗಳಿಂದ ಎರಡು ಮಾತ್ರೆಯ ಗಣ 2 ಬಗೆ, ಮೂರರದು 3, ನಾಲ್ಕರದು 5, ಐದರದು 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಈ ಸರಣಿಯನ್ನು ವಿರಹಾಂಕನೂ 12ನೇ ಶತಮಾನದ ಹೇಮಚಂದ್ರನೂ ಛಂದಸ್ಸಿನ ಲೆಕ್ಕದಲ್ಲೇ ಕಂಡುಕೊಂಡರು. ಜಗತ್ತು ಅದನ್ನು ಆಮೇಲಿನ ಇಟಲಿಯ ಫಿಬೊನಾಚಿಯ ಹೆಸರಿನಲ್ಲಿ ಕರೆಯುತ್ತದೆ. ಅಮೆರಿಕದ ಟೂಲ್ ತಂಡ 2001ರಲ್ಲಿ 'ಲ್ಯಾಟರಾಲಸ್' ಎಂಬ ಹಾಡು ಮಾಡಿತು. ಅದರ ಮೊದಲ ಚರಣದಲ್ಲಿ ಉಚ್ಚಾರದ ತುಣುಕುಗಳು 1, 1, 2, 3, 5, 8 ಎಂದು ಏರಿ, 5, 3 ಎಂದು ಇಳಿಯುತ್ತವೆ. ಮುಂದೆ ತಾಳ 9, 8, 7 ಎಂದು ಸುತ್ತುತ್ತದೆ. 987 ಕೂಡ ಇದೇ ಸರಣಿಯ ಸಂಖ್ಯೆ. ಆ ತಂಡದ ಡ್ರಮ್ಮರ್ ಡ್ಯಾನಿ ಕ್ಯಾರಿ ಅಲೋಕ್ ದತ್ತ ಅವರ ಬಳಿ ತಬಲಾ ಪಾಠ ಹೇಳಿಸಿಕೊಂಡವರು. ಇತ್ತ ನಮ್ಮ ಬೆಂಗಳೂರಿನ ಮೃದಂಗ ವಿದ್ವಾನ್ ಬಿ.ಸಿ. ಮಂಜುನಾಥ್ ಅದೇ ಸರಣಿಯನ್ನು ಕೊನ್ನಕ್ಕೋಲಿನಲ್ಲಿ, ಅಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕಲೆಯಲ್ಲಿ, ಹೇಳಿದ ವಿಡಿಯೊ ಲೋಕವೆಲ್ಲ ಸುತ್ತಿ ಬಂತು. ನಮ್ಮ ಅಂಗಳದ ವಿದ್ಯೆಗೆ ಬೆರಗಾಗಿ ತಲೆದೂಗಿದವರಲ್ಲಿ ಈ ಮೆಟಲ್ ಕೇಳುವ ಹುಡುಗರೂ ಇದ್ದರು. ನಾವು ಎದ್ದು ಕಾಫಿಗೆ ಹೋಗಿದ್ದೆವು.

ಲೆಕ್ಕ ಮೈಗೆ ಏನು ಮಾಡುತ್ತದೆ ಎಂಬುದಕ್ಕೆ ಸ್ವೀಡನ್ನಿನ ಮೆಶುಗಾ ತಂಡವನ್ನು ಕೇಳಬೇಕು. ಡ್ರಮ್ಮರ್ ಟೊಮಾಸ್ ಹಾಕೆ ಒಂದು ಕೈಯಲ್ಲಿ ತಾಳದ ತಟ್ಟೆಯ ಮೇಲೆ ಸರಳವಾಗಿ ನಾಲ್ಕು ಹೊಡೆಯುತ್ತಿರುತ್ತಾರೆ. ಕಾಲಿನ ಎರಡು ಪೆಡಲ್ಲುಗಳೂ ಎಂಟು ತಂತಿಯ ಗಿಟಾರ್‌ಗಳೂ ಆ ನಾಲ್ಕಕ್ಕೆ ಹೊಂದದ ಬೇರೊಂದು ಅಳತೆಯ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತವೆ. ಒಂದು ಐದರ ತುಣುಕು ಎಂದುಕೊಳ್ಳಿ. 32 ಎಣಿಕೆಯಲ್ಲಿ ಅದು ಆರು ಸಲ ಬಂದು ಎರಡು ಮಿಗುತ್ತದೆ. ಆ ಎರಡರಲ್ಲಿ ತುಣುಕನ್ನು ಕತ್ತರಿಸಿ ನಿಲ್ಲಿಸಿದರೆ ಕೈಯೂ ಕಾಲೂ ಒಟ್ಟಿಗೆ ಸಮಕ್ಕೆ, ಅಂದರೆ ಸುತ್ತಿನ ಮೊದಲ ಎಣಿಕೆಗೆ, ಬಂದು ಬೀಳುತ್ತವೆ. ಅಲ್ಲಿಯವರೆಗೆ ಕೇಳುವವರ ಮೈ ಜೋಲಿ ಹೊಡೆಯುತ್ತಿರುತ್ತದೆ. ಸಮ ಬಂದಾಗ ಜೀವ ಬಂದಂತಾಗುತ್ತದೆ. ಎಲೆ ಅಡಿಕೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತ ಯಾವ ಲಯರಸಿಕರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಭಾವ ಎಲ್ಲಿದೆ?" ಎಂದು ಕೇಳಿದ್ದೀರಿ. ಡ್ರೀಮ್ ಥಿಯೇಟರ್‌ನವರದೇ 'ಎ ಚೇಂಜ್ ಆಫ್ ಸೀಸನ್ಸ್' ಎಂಬ 23 ನಿಮಿಷದ ಕೃತಿಯಿದೆ. ಲೆಕ್ಕಾಚಾರದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಅದರ ಸಾಹಿತ್ಯ ಬರೆದವರು ಡ್ರಮ್ಮರ್ ಮೈಕ್ ಪೋರ್ಟ್‌ನಾಯ್. ವಿಮಾನ ಅಪಘಾತದಲ್ಲಿ ತೀರಿಕೊಂಡ ತಾಯಿಯ ನೆನಪು ಅದರ ಹೊಟ್ಟೆಯಲ್ಲಿದೆ. ಹೊರಟು ನಿಂತ ತಾಯಿ, ಇದು ಕೊನೆಯ ಸಲ ಎಂದು ಗೊತ್ತಿಲ್ಲದ ಮಗ. ಮೊಮ್ಮಗನಿಗೆ ಹೇಳಿ ಆ ಭಾಗವನ್ನು ಹಾಕಿಸಿಕೊಂಡು ಕೇಳಿ. 1989ರಲ್ಲೇ ಕಟ್ಟಿದ ಈ ಕೃತಿ ತಂಡಕ್ಕೆ ಹೆಸರು ತಂದ 1992ರ ಆಲ್ಬಂನಲ್ಲಿ ಸೇರಲಿಲ್ಲ. ಕಚೇರಿಗಳಲ್ಲಿ ಅದನ್ನು ಕೇಳಿ ಮರೆಯಲಾರದ ಅಭಿಮಾನಿಗಳು ಸಹಿ ಸಂಗ್ರಹಿಸಿ ಒತ್ತಾಯ ತಂದರು. 1995ರಲ್ಲಿ ಅದು ಹೊರಬಂತು. ನೀವು ಹುಚ್ಚು ಎನ್ನುವ ಅಭಿಮಾನ ಇಲ್ಲದಿದ್ದರೆ ಒಬ್ಬ ಮಗನ ಆ ಅಳಲು ಯಾವುದೋ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿತ್ತು.

ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ ಎಂದಿರಿ. ಮೆರೆಸಲಿ ಬಿಡಿ. ಡ್ರೀಮ್ ಥಿಯೇಟರ್ ಹುಟ್ಟಿದ್ದೇ ಅಂಥ ಅಭಿಮಾನದಿಂದ. 1985ರಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಒಟ್ಟಾದ ಮೂವರು ಹುಡುಗರು ಕೆನಡಾದ ರಷ್ ತಂಡದ ಕಚೇರಿಗೆ ಟಿಕೆಟ್ ಕೊಳ್ಳಲು ಸಾಲಿನಲ್ಲಿ ನಿಂತಿದ್ದರು. ರಷ್‌ನ ಹಾಡನ್ನೇ ಟೇಪ್‌ನಲ್ಲಿ ಹಾಕಿಕೊಂಡು ಕೇಳುತ್ತಿದ್ದಾಗ ಒಂದರ ಕೊನೆ ರಾಜಗಾಂಭೀರ್ಯದಿಂದ ಕೂಡಿದೆ ಎಂದು ಒಬ್ಬ ಅಂದ. ಅದರಿಂದಲೇ ತಂಡಕ್ಕೆ 'ಮೆಜೆಸ್ಟಿ' ಎಂಬ ಮೊದಲ ಹೆಸರು ಬಂತು. ಆ ರಷ್‌ನ ಡ್ರಮ್ಮರ್ ನೀಲ್ ಪಿಯರ್ಟ್ ಕಥೆ ನಿಮಗೆ ಹೇಳಲೇಬೇಕು, ನೀವು ಮೇಷ್ಟ್ರಾದ್ದರಿಂದ. 1994ರ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು, ಜಗತ್ತಿನ ಡ್ರಮ್ಮರ್‌ಗಳೆಲ್ಲ ಅವರನ್ನು ಗುರುವೆಂದು ನೋಡುತ್ತಿದ್ದರು. ಅಂಥವರು ಫ್ರೆಡ್ಡಿ ಗ್ರೂಬರ್ ಎಂಬ ಹಿರಿಯರ ಮುಂದೆ ಶಿಷ್ಯರಾಗಿ ಕೂತು, ಕೋಲು ಹಿಡಿಯುವ ರೀತಿಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕಲಿತರು. 2010ರಲ್ಲಿ ಡ್ರೀಮ್ ಥಿಯೇಟರ್‌ಗೆ ಹೊಸ ಡ್ರಮ್ಮರ್ ಬೇಕಾದಾಗ ಏಳು ಮಂದಿ ಘಟಾನುಘಟಿಗಳು ಪರೀಕ್ಷೆಗೆ ಬಂದರು. ಆಯ್ಕೆಯಾದ ಮೈಕ್ ಮಂಜಿನಿ ಅದೇ ಬರ್ಕ್ಲಿಯಲ್ಲಿ ಅಧ್ಯಾಪಕರು. ಆ ಕೆಲಸ ಬಿಟ್ಟು ಬಂದರು. ನಿಮ್ಮ ಮೊಮ್ಮಗ ಬಾಯಿಪಾಠ ಮಾಡಿರುವ ಜಾತಕಗಳಲ್ಲಿ ಇರುವುದು ಇಂಥ ಸಂಗತಿಗಳು. ಯಾರು ಎಷ್ಟು ಕೋಟಿಯ ಕಾರು ಕೊಂಡರು, ಯಾರ ಮದುವೆಗೆ ಯಾರು ಬಂದರು ಎಂಬುದಕ್ಕಿಂತ ಇದನ್ನು ತಿಳಿದುಕೊಂಡ ಹುಡುಗ ನಿಮ್ಮ ಮನೆಯಲ್ಲಿದ್ದಾನೆ ಎಂದು ಹೆಮ್ಮೆಪಡಿ.

ನನ್ನ ಹೊಟ್ಟೆಯುರಿ ಬೇರೆ ಕಡೆ ಇದೆ ಮೇಷ್ಟ್ರೇ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ನಾನು ಬೇರೊಂದು ಪತ್ರಿಕೆಯಲ್ಲಿ ವರದಿಗಾರ. ಅದು ಪ್ರೋಗ್ರೆಸಿವ್ ತಂಡವಲ್ಲ, ಕೇಳುವ ಹುಡುಗರು ಮಾತ್ರ ಇವರೇ. ಹುಬ್ಬಳ್ಳಿಯಿಂದ ರಾತ್ರಿ ರೈಲಿನಲ್ಲಿ ಬಂದಿದ್ದ ಒಬ್ಬ ಹುಡುಗ ನನ್ನ ನೋಟ್‌ಬುಕ್ಕಿನಲ್ಲೇ ಡ್ರಮ್ಮಿನ ಜೋಡಿ ಪೆಡಲ್ಲಿನ ಚಿತ್ರ ಬರೆದು, ಹಿಮ್ಮಡಿ ಎತ್ತಿ ಕಣಕಾಲಿನಿಂದ ಹೇಗೆ ಹೊಡೆಯುತ್ತಾರೆ ಎಂದು ವಿವರಿಸಿದ್ದ. ಅದನ್ನೆಲ್ಲ ವರದಿಯಲ್ಲಿ ಬರೆದೆ. ಬೆಳಿಗ್ಗೆ ನೋಡಿದರೆ ಡೆಸ್ಕಿನವರು ಉಳಿಸಿದ್ದು ಮೂರೇ ವಿಷಯ: ಕಪ್ಪು ಟೀ ಶರ್ಟು, ಉದ್ದ ಕೂದಲು, ಟ್ರಾಫಿಕ್ ಜಾಮು. ಸಂಗೀತದ ಬಗ್ಗೆ ಒಂದಕ್ಷರವಿಲ್ಲ. ಈಗ ನನ್ನ ಕೈಯಲ್ಲಿ ಪತ್ರಿಕೆಯಿದೆ, ನಾಲ್ಕು ಪುಟ ಕೊಟ್ಟೆ. ಇನ್ನೂ ಕೊಡುತ್ತೇನೆ.

ನಮ್ಮ ಕಚೇರಿಗಳ ಆಹ್ವಾನಪತ್ರಿಕೆ ತೆಗೆದು ನೋಡಿ. ಮೃದಂಗದವರ ಹೆಸರು, ಘಟದವರ ಹೆಸರು ಇರುವೆ ಸಾಲಿನಂಥ ಅಕ್ಷರದಲ್ಲಿ ತಳದಲ್ಲಿರುತ್ತದೆ. ಹತ್ತು ಹನ್ನೆರಡು ವರ್ಷ ಕೈಬೆರಳು ಒಡೆದುಕೊಂಡು ಕಲಿತವರಿಗೆ ಹತ್ತು ನಿಮಿಷದ ತನಿ. ಆ ಹತ್ತು ನಿಮಿಷವೂ ಖಾಲಿ ಕುರ್ಚಿಗಳ ಮುಂದೆ. ಶಾಲೆಯಲ್ಲಿ ಸಂಗೀತದ ಪೀರಿಯಡ್ ಪರೀಕ್ಷೆ ಹತ್ತಿರ ಬಂದಂತೆ ಗಣಿತದವರ ಪಾಲಾಗುತ್ತದೆ. ಟೀವಿಯ ಸ್ಪರ್ಧೆಗಳಲ್ಲಿ ಮಗು ಇನ್ನೂ ಪಲ್ಲವಿ ಮುಗಿಸಿರುವುದಿಲ್ಲ, ತೀರ್ಪುಗಾರರು ಕಣ್ಣೀರು ಹಾಕಿಯಾಗಿರುತ್ತದೆ. ಶ್ರುತಿ ತಪ್ಪಿತು ಎಂದು ಹೇಳುವವರಿಲ್ಲ. ಕಷ್ಟಪಟ್ಟು ಕಲಿತದ್ದನ್ನು ತೋರಿಸಿದರೆ 'ಭಾವ ಸಾಲದು' ಎನ್ನುತ್ತೇವೆ, ಕಲಿಯದೆ ಬಂದವರಿಗೆ 'ಎಷ್ಟು ಸಹಜ' ಎನ್ನುತ್ತೇವೆ. ಮೂವತ್ತು ಸೆಕೆಂಡಿನ ರೀಲ್ಸ್ ಕಾಲದಲ್ಲಿ ಹದಿನೆಂಟು ಇಪ್ಪತ್ತರ ಹುಡುಗರು 23 ನಿಮಿಷದ ಕೃತಿಯನ್ನು ಅಲ್ಲಾಡದೆ ಕೂತು ಕೇಳುತ್ತಾರೆ. ಬೆಂಗಳೂರಿನ ಪ್ರಾಜೆಕ್ಟ್ ಮಿಶ್ರಂನಂಥ ತಂಡಗಳು ಕರ್ನಾಟಕ ಸಂಗೀತವನ್ನೂ ಮೆಟಲ್ಲನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿದಾಗ ಮುಂದೆ ನಿಂತು ಬೆರಳೆಣಿಸುವವರೂ ಇವರೇ. ನಮ್ಮ ಸಭೆಗಳು ಇವರನ್ನು ಹುಡುಕಿಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಬೇಕಿತ್ತು.

ನಿಮ್ಮಿಂದ ನನಗೊಂದು ಉಪಕಾರವಾಗಬೇಕು. ಮೊಮ್ಮಗ ಮುಂದಿನ ರಜಕ್ಕೆ ಬಂದಾಗ ಹೆಡ್‌ಫೋನ್ ತೆಗೆಸಿ ಎದುರಿಗೆ ಕೂರಿಸಿಕೊಳ್ಳಿ. ನಿಮಗೆ ಕಂಠಪಾಠವಿರುವ ಭಾಮಿನಿಯ ಪದ್ಯ ಒಂದನ್ನು ನಿಧಾನಕ್ಕೆ ಹೇಳಿ. ಅದು ಯಾವ ಛಂದಸ್ಸು ಎಂದು ಹೇಳಬೇಡಿ. ಮೇಜು ಕುಟ್ಟು ಎಂದಷ್ಟೇ ಹೇಳಿ. ಮೊದಲ ಎರಡು ಸಾಲಿನಲ್ಲಿ ಏಳನ್ನು ಅವನು ಹಿಡಿದೇ ಹಿಡಿಯುತ್ತಾನೆ, ನನಗೆ ಅನುಮಾನವಿಲ್ಲ. ಮೂರನೆಯ ಸಾಲು ಏಳರ ಮೂರು ಸುತ್ತು ಮುಗಿಸಿ ಮೇಲೊಂದು ಗುರುವಿನ ಮೇಲೆ ನಿಲ್ಲುತ್ತದಲ್ಲ, ಅಲ್ಲಿ ಅವನ ಕೈ ಏನು ಮಾಡಿತು ಎಂದು ಗಮನಿಸಿ ನನಗೆ ಕಾಗದ ಬರೆಯಿರಿ.

— ಸಂಪಾದಕ