ಕಲಬುರಗಿಯಲ್ಲಿ ಲ್ಯಾಬ್ರಡಾರ್‌ಗೆ ಫೀಲ್ಡ್ ಟ್ರಯಲ್ ತರಬೇತಿ ಕೊಡಬಹುದಾ? ನೆಲ, ನೀರಿನ ಪರೀಕ್ಷೆ ಅಂದ್ರೇನು?

ಫೀಲ್ಡ್ ಟ್ರಯಲ್ ಅಂದ್ರೆ ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ನಾಯಿ ಹುಡುಕಿ ತರುವ ಸ್ಪರ್ಧೆ. ತರಬೇತಿ ಕೊಡಬಹುದು, ಆದರೆ ಹಕ್ಕಿಯ ಬದಲು ಎಸೆಯುವ ಕ್ಯಾನ್ವಾಸ್ ಡಮ್ಮಿಯಿಂದ. 1972ರ ವನ್ಯಜೀವಿ ಕಾಯ್ದೆ ಇರುವಾಗ ಹಕ್ಕಿ ಬೇಟೆಯ ಮಾತೇ ಬೇಡ.

ಅಮೆರಿಕದ ಟ್ರಯಲ್‌ಗಳಲ್ಲಿ ನೆಲಕ್ಕೂ ನೀರಿಗೂ ಎರಡೆರಡು ಬಗೆಯ ಪರೀಕ್ಷೆ. 'ಮಾರ್ಕ್'ನಲ್ಲಿ ಹಕ್ಕಿಗಳು ಒಂದರ ಹಿಂದೊಂದು ಬೀಳುವುದನ್ನು ನಾಯಿ ನೋಡುತ್ತದೆ. ಜಾಗ ನೆನಪಿಟ್ಟು ಒಂದೊಂದಾಗಿ ತರಬೇಕು. 'ಬ್ಲೈಂಡ್'ನಲ್ಲಿ ಬಿದ್ದದ್ದನ್ನು ಅದು ನೋಡಿರುವುದಿಲ್ಲ. ಸೀಟಿ, ಕೈಸನ್ನೆಯಿಂದಲೇ ದಾರಿ ತೋರಿಸಬೇಕು. ನೀರಿನದ್ದೇ ಜಾಸ್ತಿ ಕಷ್ಟ ಅನ್ನಿ. ದಂಡೆ ಸುತ್ತಿ ಓಡುವುದು ಸುಲಭ ಅಂತ ನಾಯಿಗೂ ಗೊತ್ತು, ಅಲ್ವಾ? ತೀರ್ಪುಗಾರರು ಮೆಚ್ಚುವುದು ನೇರ ಈಜುವ ನಾಯಿಯನ್ನು. ಅಮೆಚೂರ್ ವಿಭಾಗದಲ್ಲಿ ನಾಯಿ ನಡೆಸುವವರು ದುಡ್ಡಿಗೆ ತರಬೇತಿ ಕೊಡುವವರಾಗಿರಬಾರದು.

ಇಲ್ಲಿ ತೊಗರಿ ಕೊಯ್ದ ಹೊಲ ಬೇಡ, ಕೂಳೆ ಪಾದಕ್ಕೆ ಚುಚ್ಚುತ್ತದೆ. ಭೀಮಾ ನದಿಗೂ ಇಳಿಸಬೇಡಿ, ಮೊಸಳೆ ಇವೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಜಾರಿ, ಮೇಲೆ ಹತ್ತಲಾಗದೆ ಒದ್ದಾಡುತ್ತದೆ. ಇಳಿಜಾರು ದಂಡೆಯ ಸಣ್ಣ ಕೆರೆ ಹುಡುಕಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ.