ನಾಯ್ಸ್ ತಗ್ಗಿಸಲು ಹೋಗಿ ಷಾಕ್ ತಂದುಕೊಳ್ಳಬೇಡಿ

ಪ್ರಶ್ನೆ: ಹಸಿ ಅಡಿಕೆ ಸುಲಿಯುವ ಯಂತ್ರ ತಯಾರಿಸುತ್ತೇವೆ. 2 ಎಚ್‌ಪಿ ಮೋಟಾರು, ಸಿಂಗಲ್ ಫೇಸ್ ಲೈನಿನಿಂದ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಮೂಲಕ ಓಡುತ್ತದೆ. ಹೊರರಾಜ್ಯದ ವ್ಯಾಪಾರಿಯೊಬ್ಬರು ರಿಸ್ಕ್ ಅಸೆಸ್‌ಮೆಂಟ್ (ಅಪಾಯಗಳ ಅಂದಾಜು) ಕಡತ ಕೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ? (ಮಾಚೇನಹಳ್ಳಿ, ಶಿವಮೊಗ್ಗ)

ಉತ್ತರ: ಯಾರದೋ ಟೇಬಲ್ ತಂದು ತುಂಬುವುದರಿಂದಂತೂ ಬೇಡ. ಐಎಸ್ 16819 ಮಾನಕ ತರಿಸಿಕೊಳ್ಳಿ. ಅದು ಯಂತ್ರಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 12100ರ ಭಾರತೀಯ ರೂಪ. ಆಮೇಲೆ ಸುಗ್ಗಿಯಲ್ಲಿ ಒಂದು ರಾತ್ರಿ ಯಂತ್ರ ಓಡುವ ಅಂಗಳಕ್ಕೆ ಹೋಗಿ ನಿಂತು, ಅಲ್ಲಿ ನಡೆಯುವ ಒಂದೊಂದು ಕೆಲಸವನ್ನೂ ಬರೆದುಕೊಳ್ಳಿ: ಕಾಯಿ ಸುರಿಯುವುದು, ಸಿಕ್ಕಿಕೊಂಡ ಸಿಪ್ಪೆ ತೆಗೆಯುವುದು, ತೊಳೆಯುವುದು, ಬೆಲ್ಟ್ ಬಿಗಿ ಮಾಡುವುದು, ನಾಲ್ಕು ಜನ ಹಿಡಿದು ಪಕ್ಕದ ಮನೆಗೆ ಸಾಗಿಸುವುದು. ಒಂದೊಂದರ ಎದುರಿಗೂ ಅಪಾಯ ಏನು, ಪೆಟ್ಟು ಎಷ್ಟು ದೊಡ್ಡದು, ದಿನಕ್ಕೆ ಎಷ್ಟು ಸಲ ಕೈ ಹತ್ತಿರ ಹೋಗುತ್ತದೆ, ತಪ್ಪಿಸಿಕೊಳ್ಳಲು ಸಮಯ ಇದೆಯೇ ಎಂದು ಬರೆಯಿರಿ.

ಕಾಯಿ ಬೀಳುವ ಬಾಯಿಯನ್ನೇ ತೆಗೆದುಕೊಳ್ಳಿ. ಅಡಿಕೆ ಇಳಿಯಬೇಕಾದರೆ ಅದು 40 ಮಿಮೀಗಿಂತ ದೊಡ್ಡದಿರಲೇಬೇಕು. ಅಷ್ಟು ಜಾಗದಲ್ಲಿ ಕೈಯೂ ಹೋಗುತ್ತದೆ. ಸುರಕ್ಷಿತ ದೂರಗಳನ್ನು ಹೇಳುವ ಐಎಸ್‌ಒ 13857ರ ಪ್ರಕಾರ 40ರಿಂದ 120 ಮಿಮೀ ತೆರಪಿಗೆ ಬ್ಲೇಡು ಕನಿಷ್ಠ 850 ಮಿಮೀ ದೂರ ಇರಬೇಕು. ಅಷ್ಟು ಉದ್ದದ ಚ್ಯೂಟ್ ಇಡಲು ಆಗದಿದ್ದರೆ ಕೈ ತಲುಪದಂತೆ ಅದನ್ನು ಬಾಗಿಸಿ, ಇಲ್ಲವೇ ಇಂಟರ್‌ಲಾಕ್ (ತೆರೆದರೆ ಯಂತ್ರ ನಿಲ್ಲಿಸುವ ಸ್ವಿಚ್) ಇರುವ ಮುಚ್ಚಳ ಹಾಕಿ. ಕರೆಂಟು ಕಡಿದ ಮೇಲೂ ಬ್ಲೇಡು ನಾಲ್ಕು ಸೆಕೆಂಡ್ ತಿರುಗುತ್ತಿದ್ದರೆ, ಪೂರ್ತಿ ನಿಲ್ಲುವ ತನಕ ಬೀಗ ಬಿಡದ ಮಾದರಿಯೇ ಬೇಕು. 'ಕೈ ಹಾಕಬೇಡಿ' ಎಂಬ ಸ್ಟಿಕ್ಕರ್ ಕೊನೆಯ ಉಪಾಯ. ಮೊದಲು ವಿನ್ಯಾಸ, ಆಮೇಲೆ ಗಾರ್ಡ್, ಆಮೇಲೆ ಎಚ್ಚರಿಕೆ. ಈ ಕ್ರಮವನ್ನು ಮಾನಕವೇ ಹಾಕಿಕೊಟ್ಟಿದೆ.

ನಮ್ಮ ಕಡೆ ಬಹಳ ಜನ ಬಿಟ್ಟುಬಿಡುವ ಸಾಲು ಇನ್ನೊಂದಿದೆ. ಸಿಪ್ಪೆ ಸಿಕ್ಕಿ ಯಂತ್ರ ತಡೆದಿರುವಾಗ ಕರೆಂಟು ಹೋಗುತ್ತದೆ, ಸ್ವಿಚ್ ಹಾಕಿದ್ದೇ ಇರುತ್ತದೆ, ಕೈ ಒಳಗಿರುವಾಗ ಕರೆಂಟು ಬರುತ್ತದೆ. ವಿಎಫ್‌ಡಿಯಲ್ಲಿ ಆಟೊ ರೀಸ್ಟಾರ್ಟ್ ಸೆಟ್ಟಿಂಗ್ ಆಫ್ ಮಾಡಿ. ಕರೆಂಟು ಬಂದ ಮೇಲೆ ಹಸಿರು ಬಟನ್ ಮತ್ತೆ ಒತ್ತಿದರೆ ಮಾತ್ರ ಓಡುವಂತೆ ನೋ-ವೋಲ್ಟ್ ಕಾಂಟ್ಯಾಕ್ಟರ್ ಹಾಕಿ. ಹತ್ತು ಸಲ ಮೇನ್ ತೆಗೆದು ಹಾಕಿ ಪರೀಕ್ಷಿಸಿ, ಫಲಿತಾಂಶವನ್ನು ಕಡತಕ್ಕೆ ಸೇರಿಸಿ.

ಪ್ರಶ್ನೆ: ಲ್ಯಾಬಿಗೆ ಕಳಿಸುವ ಮೊದಲು ವರ್ಕ್‌ಶಾಪಿನಲ್ಲೇ, ಯಂತ್ರ ಕರೆಂಟು ಲೈನಿಗೆ ಬಿಡುವ ನಾಯ್ಸ್ (ರೇಡಿಯೊ ಕೆಡಿಸುವ ವಿದ್ಯುತ್ ಗದ್ದಲ) ಅಳೆಯೋಣವೆಂದು ಎಲ್‌ಐಎಸ್‌ಎನ್ (ಲೈನಿಗೂ ಯಂತ್ರಕ್ಕೂ ನಡುವೆ ಇಟ್ಟು ನಾಯ್ಸನ್ನು ಅಳತೆಗೆ ಕೊಡುವ ಪೆಟ್ಟಿಗೆ) ತಂದೆವು. ಸಿಕ್ಕಿಸಿದ ಕೂಡಲೇ ಆರ್‌ಸಿಸಿಬಿ (ಅರ್ತಿಗೆ ಸೋರಿಕೆಯಾದರೆ ಕರೆಂಟು ಕಡಿಯುವ ಸ್ವಿಚ್) ಬೀಳುತ್ತದೆ. ಪೆಟ್ಟಿಗೆ ಕೆಟ್ಟಿದೆಯೇ? (ಸಾಗರ)

ಉತ್ತರ: ಕೆಟ್ಟಿಲ್ಲ. ಎಲ್‌ಐಎಸ್‌ಎನ್ ಒಳಗೆ ಲೈನಿನಿಂದ ಅರ್ತಿಗೆ ಹಲವು ಮೈಕ್ರೊಫ್ಯಾರಡ್ ಕೆಪಾಸಿಟರ್ ಇರುತ್ತದೆ. 8 ಮೈಕ್ರೊಫ್ಯಾರಡ್ ಎಂದರೂ 230 ವೋಲ್ಟಿಗೆ ಅರ್ಧ ಆಂಪಿಯರ್ ಮೀರಿ ಅರ್ತಿಗೆ ಹರಿಯುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ನಿಲ್ಲುವುದು ಹೇಗೆ? ಆರ್‌ಸಿಸಿಬಿ ತಪ್ಪಿಸಿ ವೈರ್ ಎಳೆಯಬೇಡಿ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡಿ. ಎಲ್‌ಐಎಸ್‌ಎನ್ ಮೈಯನ್ನು ಬೋಲ್ಟ್ ಹಾಕಿ ಅರ್ತಿಗೆ ಕಟ್ಟುವುದು ಮೊದಲ ಕೆಲಸ, ಬಿಚ್ಚುವುದು ಕಟ್ಟಕಡೆಯ ಕೆಲಸ. ಆ ತಂತಿ ಬಿಟ್ಟರೆ ಪೆಟ್ಟಿಗೆಯೇ ಕೊಲ್ಲಬಲ್ಲದು.

ನೆಲಕ್ಕೆ 2 ಮೀಟರ್ ಉದ್ದ, 2 ಮೀಟರ್ ಅಗಲದ ಅಲ್ಯೂಮಿನಿಯಂ ಹಾಳೆ ಹಾಸಿ, ಎಲ್‌ಐಎಸ್‌ಎನ್ ಅನ್ನು ಅದಕ್ಕೇ ಬೋಲ್ಟ್ ಮಾಡಿ. ಅಲ್ಲಿಂದ ಯಂತ್ರ 80 ಸೆಂಮೀ ದೂರ ಇರಲಿ. ಅನಲೈಸರ್ (ನಾಯ್ಸನ್ನು ಫ್ರೀಕ್ವೆನ್ಸಿವಾರು ತೋರಿಸುವ ಉಪಕರಣ) ಎದುರು 10 ಡಿಬಿ (ಡೆಸಿಬೆಲ್) ಟ್ರಾನ್ಸಿಯೆಂಟ್ ಲಿಮಿಟರ್ (ದಿಢೀರ್ ಏರುವ ವೋಲ್ಟೇಜು ತಡೆಯುವ ತುಣುಕು) ಹಾಕಿ, ಆ 10 ಡಿಬಿಯನ್ನು ಓದಿಗೆ ಕೂಡಿಸುವುದನ್ನು ಮರೆಯಬೇಡಿ. ಯಂತ್ರ ಚಾಲೂ ಆದ ಮೇಲೆ ಅನಲೈಸರ್ ಕೇಬಲ್ ಸಿಕ್ಕಿಸಿ, ನಿಲ್ಲಿಸುವ ಮೊದಲು ಕಿತ್ತುಬಿಡಿ. ಅನಲೈಸರಿನ ಮುಂಭಾಗ ಸುಡುವುದು ಹೆಚ್ಚಾಗಿ ಸ್ವಿಚ್ ಹಾಕಿ ತೆಗೆಯುವ ಆ ಕ್ಷಣದಲ್ಲೇ.

ಅಳತೆ 150 ಕಿಲೊಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ, ಬ್ಯಾಂಡ್‌ವಿಡ್ತ್ 9 ಕಿಲೊಹರ್ಟ್ಸ್. ಯಂತ್ರ ಆಫ್ ಇರುವಾಗಲೇ ಒಂದು ಸಲ ಓದಿಕೊಳ್ಳಿ. 675 ಕಿಲೊಹರ್ಟ್ಸ್‌ನಲ್ಲಿ ಕಡ್ಡಿಯಂತೆ ಒಂದು ಗೆರೆ ನಿಂತಿದ್ದರೆ ಗಾಬರಿಯಾಗಬೇಡಿ, ಅದು ಭದ್ರಾವತಿ ಆಕಾಶವಾಣಿ. ಈ ಹಿನ್ನೆಲೆ ಮಿತಿಗಿಂತ 6 ಡಿಬಿಯಾದರೂ ಕೆಳಗಿರಬೇಕು. ಕ್ಲಾಸ್ ಬಿ (ಮನೆ ಪರಿಸರದಲ್ಲಿ ಓಡುವ ಯಂತ್ರಗಳ) ಕ್ವಾಸಿ-ಪೀಕ್ (ಪದೇ ಪದೇ ಬರುವ ನಾಯ್ಸಿಗೆ ಹೆಚ್ಚು ತೂಕ ಕೊಡುವ ಅಳತೆ) ಮಿತಿ 150 ಕಿಲೊಹರ್ಟ್ಸ್‌ನಲ್ಲಿ 66 ಡಿಬಿಮೈಕ್ರೊವೋಲ್ಟ್. 500ರ ಹೊತ್ತಿಗೆ 56ಕ್ಕೆ ಇಳಿದು, 5 ಮೆಗಾಹರ್ಟ್ಸ್‌ವರೆಗೆ ಅಲ್ಲೇ ನಿಂತು, ಆಚೆಗೆ 60. ಆವರೇಜ್ ಮಿತಿ ಎಲ್ಲೆಡೆ 10 ಕಡಿಮೆ. 66 ಎಂದರೆ ಬರೀ 2 ಮಿಲಿವೋಲ್ಟ್! 230 ವೋಲ್ಟಿನ ಬೆನ್ನ ಮೇಲೆ ಅಷ್ಟನ್ನು ಹುಡುಕುತ್ತಿದ್ದೀರಿ. ಫೇಸ್, ನ್ಯೂಟ್ರಲ್ ಎರಡನ್ನೂ ಅಳೆಯಿರಿ. ನಿಮ್ಮ ವರ್ಕ್‌ಶಾಪಿನ ಓದು ಮಿತಿಗಿಂತ 6 ಡಿಬಿ ಕೆಳಗೆ ಬರುವ ತನಕ ಲ್ಯಾಬಿನ ಫೀಸು ಕಟ್ಟಬೇಡಿ.

ಫೇಲ್ ಆದರೆ ಮೊದಲು ಮೋಟಾರ್ ಕೇಬಲ್ ನೋಡಿ. ಶೀಲ್ಡ್ ಇರುವ ಕೇಬಲ್ ಹಾಕಿಯೂ ಶೀಲ್ಡನ್ನು ಜಡೆಯಂತೆ ಹೆಣೆದು ಒಂದು ಸ್ಕ್ರೂಗೆ ಕಟ್ಟಿದ್ದರೆ ಹೆಚ್ಚಿನ ಪ್ರಯೋಜನವಿಲ್ಲ. ಸುತ್ತಲೂ ಅಪ್ಪುವ ಕ್ಲಾಂಪ್ ಬೇಕು. ನಾಯ್ಸ್ ಫಿಲ್ಟರ್ ಕೂರುವ ಜಾಗದ ಪೇಂಟ್ ಕೆರೆದು ಲೋಹಕ್ಕೆ ಲೋಹ ತಾಗಿಸಿ. ಫಿಲ್ಟರಿಗೆ ಹೋಗುವ ವೈರೂ ಅದರಿಂದ ಬರುವ ವೈರೂ ಒಂದೇ ಕಟ್ಟಿನಲ್ಲಿದ್ದರೆ ನಾಯ್ಸ್ ಫಿಲ್ಟರನ್ನು ದಾಟಿ ಆಚೆ ನೆಗೆಯುತ್ತದೆ.

ಪ್ರಶ್ನೆ: ನಾಯ್ಸ್ ಫಿಲ್ಟರ್ ಹಾಕಿದ ಮೇಲೆ ಯಂತ್ರದ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ. ಫಿಲ್ಟರ್ ತೆಗೆಯಲೇ? (ಹೊಸನಗರ)

ಉತ್ತರ: ಮೊದಲು ಮೇನ್ ತೆಗೆಯಿರಿ. ನಿಮ್ಮ ಅರ್ತಿಂಗ್ ಎಲ್ಲೋ ಕಡಿದಿದೆ. ಫಿಲ್ಟರಿನ ವೈ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಮೈಗೆ ಸೇರಿರುತ್ತವೆ. ಅರ್ತ್ ಇಲ್ಲದಿದ್ದರೆ ಯಂತ್ರದ ಮೈ ಸುಮಾರು 115 ವೋಲ್ಟಿಗೆ ಏರಿ ಕೂರುತ್ತದೆ. 4.7 ನ್ಯಾನೊಫ್ಯಾರಡ್ ವೈ ಆದರೆ ಸೋರಿಕೆ 0.34 ಮಿಲಿಆಂಪಿಯರ್, 47 ಆದರೆ 3.4. ಮನೆಬಳಕೆಯ ಉಪಕರಣಗಳ ಐಇಸಿ 60335-1ರಲ್ಲಿ, ಕೈಯಲ್ಲಿ ಸಾಗಿಸುವ ಅರ್ತಿಂಗ್ ಉಳ್ಳ ಉಪಕರಣಕ್ಕೆ ಮಿತಿ 0.75, ಒಂದೇ ಕಡೆ ನಿಲ್ಲುವ ಮೋಟಾರ್ ಯಂತ್ರಕ್ಕೆ 3.5. ಡಿಬಿ ಇಳಿಸುವ ಆತುರದಲ್ಲಿ ವೈ ಬೆಲೆ ಏರಿಸಿದವರು ರಿಸ್ಕ್ ಕಡತದ ಷಾಕಿನ ಸಾಲನ್ನೂ ತೆರೆದು ತಿದ್ದಬೇಕು. ಕಾಮನ್ ಮೋಡ್ ಚೋಕ್ (ಎರಡೂ ತಂತಿಯಲ್ಲಿ ಒಟ್ಟಿಗೆ ಹರಿಯುವ ನಾಯ್ಸನ್ನು ತಡೆಯುವ ಸುರುಳಿ) ದೊಡ್ಡದು ಹಾಕಿದರೆ ದುಡ್ಡು ಹೆಚ್ಚು, ಸೋರಿಕೆ ಹೆಚ್ಚುವುದಿಲ್ಲ; ನಮ್ಮ ಓಟು ಅದಕ್ಕೇ.

ಪ್ಲಗ್ಗಿನ ಅರ್ತ್ ಪಿನ್ನಿನಿಂದ ಮೈವರೆಗೆ ಕಂಟಿನ್ಯುಟಿ ನೋಡಿ. ಅದು ಸರಿಯಿದ್ದರೆ ಸಾಕೆಟ್, ಆಮೇಲೆ ಅಂಗಳದ ಅರ್ತ್ ಗುಂಡಿ. ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಒಳ್ಳೆಯ ಓದು ಕೊಟ್ಟು ಮಾರ್ಚಿಗೆ ಕೈಕೊಡುತ್ತದೆ, ಬೇಸಿಗೆಯಲ್ಲೇ ಅಳೆಯಿರಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು; ವಿಎಫ್‌ಡಿ ಇರುವಲ್ಲಿ ಮಾಮೂಲಿ ಎಸಿ ಮಾದರಿ ಸಾಲದು, ಸಿಂಗಲ್ ಫೇಸಿಗೆ ಎಫ್ ಮಾದರಿ ಕೇಳಿ.

ಪ್ರಶ್ನೆ: ಸಂಜೆಯಾದರೆ ರೇಡಿಯೊ ಬರೀ ಗೊರ್ರ್ ಎನ್ನುತ್ತದೆ. ಕಾರಣ ಹುಡುಕುವುದು ಹೇಗೆ? (ತೀರ್ಥಹಳ್ಳಿ)

ಉತ್ತರ: ರೇಡಿಯೊಗೆ ಬ್ಯಾಟರಿ ಹಾಕಿ, ಮನೆಯ ಮೇನ್ ಆಫ್ ಮಾಡಿ. ಗೊರ್ರ್ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಎಲ್‌ಇಡಿ ಬಲ್ಬು, ಚಾರ್ಜರು ಹಾಕುತ್ತ ಬನ್ನಿ. ನಿಲ್ಲದಿದ್ದರೆ ರೇಡಿಯೊವನ್ನು ನಿಧಾನಕ್ಕೆ ತಿರುಗಿಸಿ: ಒಳಗಿನ ಫೆರೈಟ್ ಕಡ್ಡಿಯ ತುದಿ ನಾಯ್ಸ್ ಬರುವ ದಿಕ್ಕಿಗೆ ನೆಟ್ಟಾಗ ಸದ್ದು ಅತಿ ಕಡಿಮೆ. ಅದು ಕಂಬದ ಕಡೆ ತೋರಿಸಿ, ಮಳೆ ಬಿದ್ದಾಗ ನಿಂತೂ ಹೋದರೆ, ಸಡಿಲ ಜಂಪರ್ ಇರಬಹುದೆಂದು ಮೆಸ್ಕಾಂ ಲೈನ್‌ಮನ್‌ಗೆ ಹೇಳಿ. ಕಂಬವನ್ನು ನೀವು ಮಾತ್ರ ಮುಟ್ಟಬೇಡಿ.